ಹಿಫ್ ಪ್ರೋಟೀನ್ ಹಿಡಿಯಲು ಗಡಿಯಾರ ಬೇಕು: ಕಡಿಮೆ ಆಮ್ಲಜನಕದ ಪ್ರಯೋಗಗಳಲ್ಲಿ ನನ್ನ ಅನುಭವ

ಆಮ್ಲಜನಕ ಕಡಿಮೆಯಾದರೆ ನಮ್ಮ ಜೀವಕೋಶಗಳಿಗೆ ಅದು ಹೇಗೆ ಗೊತ್ತಾಗುತ್ತದೆ? ನಾನು ಲ್ಯಾಬಿನಲ್ಲಿ ಕೆಲಸ ಮಾಡುವುದು ಈ ಪ್ರಶ್ನೆಯ ಮೇಲೆ. ಇದರಲ್ಲಿ ಮುಖ್ಯವಾದ ಪ್ರೋಟೀನ್ ಹಿಫ್-1 ಆಲ್ಫಾ (ಚಿಕ್ಕದಾಗಿ ಹಿಫ್). ಆಮ್ಲಜನಕ ಕಡಿಮೆಯಾದಾಗ ಬೇಕಾಗುವ ಜೀನ್‌ಗಳನ್ನು ಆನ್ ಮಾಡುವುದು ಇದೇ. ಕೋಶ ಇದನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಸದಾ ಒಡೆದು ಹಾಕುತ್ತಲೇ ಇರುತ್ತದೆ. ಮಾಮೂಲಿ ಗಾಳಿಯಲ್ಲಿ ಇದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಸಮಯ, ಬರೀ 5 ನಿಮಿಷದಷ್ಟು. ಇಷ್ಟೊಂದು ಖರ್ಚು ಯಾಕೆ ಅನ್ನಿಸಬಹುದು. ಆದರೆ ಉಸಿರು ಕಟ್ಟಿದಾಗ ಹೊಸ ಪ್ರೋಟೀನಿಗಾಗಿ ಕಾಯುತ್ತಾ ಕೂರಲು ಆಗುವುದಿಲ್ಲ ಅಲ್ವಾ? ಒಡೆಯುವುದನ್ನು ನಿಲ್ಲಿಸಿದರೆ ಸಾಕು, ನಿಮಿಷಗಳಲ್ಲೇ ಹಿಫ್ ಜಮಾ ಆಗತೊಡಗುತ್ತದೆ.

ಒಡೆಯುವ ಕೆಲಸ ಶುರು ಮಾಡುವುದು ಪಿಎಚ್‌ಡಿ2 ಎಂಬ ಕಿಣ್ವ. ಅದು ಗಾಳಿಯ ಆಮ್ಲಜನಕವನ್ನೇ ಬಳಸಿ ಹಿಫ್‌ನ 402 ಮತ್ತು 564ನೇ ಜಾಗದ ಪ್ರೋಲಿನ್‌ಗಳ (ಒಂದು ಬಗೆಯ ಅಮೈನೋ ಆಮ್ಲ) ಮೇಲೆ ಗುರುತು ಹಾಕುತ್ತದೆ. ಆ ಗುರುತನ್ನು ವಿಎಚ್‌ಎಲ್ ಎಂಬ ಪ್ರೋಟೀನ್ ಹಿಡಿಯುತ್ತದೆ, ಮುಂದೆ ಪ್ರೋಟೀನ್ ಒಡೆಯುವ ಕೋಶದ ಯಂತ್ರವಾದ ಪ್ರೋಟಿಯಾಸೋಮ್ ಹಿಫ್ ಅನ್ನು ಚೂರು ಮಾಡುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿಯುತ್ತದೆ. ಇದನ್ನು ಬಿಡಿಸಿ ತೋರಿಸಿದ ಸೆಮೆನ್ಜಾ, ರಾಟ್‌ಕ್ಲಿಫ್ ಮತ್ತು ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಓದುವಾಗ ಇದು ಸರಳ. ಬ್ಲಾಟ್ ಮೇಲೆ, ಅಂದರೆ ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಬೇಕಾದ್ದನ್ನು ಆಂಟಿಬಾಡಿಯಿಂದ ಪಟ್ಟಿಯಾಗಿ (ಬ್ಯಾಂಡ್) ಕಾಣಿಸುವ ಪರೀಕ್ಷೆಯಲ್ಲಿ, ಹಿಡಿಯುವುದು ಬೇರೆ ಮಾತು. ಕೋಶಗಳನ್ನು 1% ಆಮ್ಲಜನಕದಲ್ಲಿ ಎಷ್ಟು ಹೊತ್ತು ಇಟ್ಟಿದ್ದರೂ ಪ್ಲೇಟನ್ನು ಹೊರಗೆ ತೆಗೆದ ಕ್ಷಣದಿಂದ ಪಿಎಚ್‌ಡಿ2 ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಮೀಡಿಯಾ (ಕೋಶ ಬೆಳೆಸುವ ದ್ರವ) ಚೆಲ್ಲಿ, ಪಿಬಿಎಸ್ ಎಂಬ ಉಪ್ಪುನೀರಿನಲ್ಲಿ ತೊಳೆದು, ಐಸ್ ಮೇಲಿಟ್ಟು ನಿಧಾನಕ್ಕೆ ಕೆರೆದರೆ ಬ್ಯಾಂಡ್ ಮಾಯವಾಗಿರುತ್ತದೆ. ಅದಕ್ಕೇ ನಾನು ಕೋಶಗಳನ್ನು ಕೈಗವಸು ಜೋಡಿಸಿದ ಹೈಪಾಕ್ಸಿಯಾ ವರ್ಕ್‌ಸ್ಟೇಷನ್ (ಕಡಿಮೆ ಆಮ್ಲಜನಕದ ಪೆಟ್ಟಿಗೆ) ಒಳಗೇ ಲೈಸ್ ಮಾಡುತ್ತೇನೆ, ಅಂದರೆ ಒಡೆಯುತ್ತೇನೆ. ಪಿಬಿಎಸ್ ಬಾಟಲಿಯ ಮುಚ್ಚಳ ಸಡಿಲಿಸಿ ಹಿಂದಿನ ರಾತ್ರಿಯೇ ಒಳಗೆ ಇಡುತ್ತೇನೆ, ಯಾಕೆಂದರೆ ಹೊರಗಿನ ಪಿಬಿಎಸ್ ತುಂಬಾ ಆಮ್ಲಜನಕ ಕರಗಿರುತ್ತದೆ. ತೊಳೆದ ತಕ್ಷಣ ಎಸ್‌ಡಿಎಸ್ ಎಂಬ ಮಾರ್ಜಕ ಇರುವ ಬಿಸಿ ಬಫರ್ ಹುಯ್ಯುತ್ತೇನೆ. ಅದು ತಾಕಿದ ಕೂಡಲೇ ಎಲ್ಲ ಕಿಣ್ವಗಳೂ ಕೆಡುತ್ತವೆ. ಕೋಶದ ಡಿಎನ್‌ಎ ಹೊರಬಂದು ಇಡೀ ದ್ರವ ಗೋಂದಿನ ಹಾಗೆ ಎಳೆ ಎಳೆಯಾಗಿ ಸ್ಕ್ರೇಪರಿಗೆ ಅಂಟುತ್ತದೆ. ಸಣ್ಣ ಸಿರಿಂಜ್ ಸೂಜಿಯಲ್ಲಿ ನಾಲ್ಕಾರು ಸಲ ಎಳೆದು ಬಿಟ್ಟರೆ ತೆಳ್ಳಗಾಗುತ್ತದೆ. ಇದಾದ ಮೇಲೆ ಟ್ಯೂಬನ್ನು ಧೈರ್ಯವಾಗಿ ಹೊರಗೆ ತರಬಹುದು.

ವರ್ಕ್‌ಸ್ಟೇಷನ್ ಇಲ್ಲದ ಲ್ಯಾಬುಗಳಲ್ಲಿ ಗ್ಯಾಸ್ ಹಾಯಿಸಿ ಕ್ಲಿಪ್ ಹಾಕುವ ಸಣ್ಣ ಚೇಂಬರ್ ಇರುತ್ತದೆ. ಅದರಲ್ಲೂ ಆಗುತ್ತದೆ. ಆದರೆ ಪ್ರತಿ ಟೈಮ್ ಪಾಯಿಂಟಿಗೂ ಬೇರೆ ಚೇಂಬರ್ ಇಡಿ. 2 ಗಂಟೆಯ ಪ್ಲೇಟ್ ತೆಗೆಯಲು ಮುಚ್ಚಳ ತೆರೆದರೆ 8 ಗಂಟೆಯ ಪ್ಲೇಟಿಗೂ ಗಾಳಿ ಹೋಗುತ್ತದೆ.

ಆಂಟಿಬಾಡಿ ಬಗ್ಗೆ ಒಂದು ಮಾತು. ಲೆಕ್ಕದ ಪ್ರಕಾರ ಹಿಫ್-1 ಆಲ್ಫಾದ ತೂಕ 93 ಕಿಲೋಡಾಲ್ಟನ್ ಆಸುಪಾಸು, ಜೆಲ್ ಮೇಲೆ ಅದು ಓಡುವುದು 110ರಿಂದ 120ರ ನಡುವೆ. ಕೆಳಗೆ ಕಾಣುವ ಗಟ್ಟಿ ಬ್ಯಾಂಡನ್ನು ನಂಬಬೇಡಿ. ನಾನು ಪ್ರತಿ ಜೆಲ್ಲಿನಲ್ಲೂ ಒಂದು ಲೇನ್ ಆರ್‌ಸಿಸಿ4 ಕೋಶಗಳಿಗೆ ಬಿಡುತ್ತೇನೆ. ಇವು ಮೂತ್ರಪಿಂಡದ ಕ್ಯಾನ್ಸರ್ ಕೋಶಗಳು. ಇವುಗಳಲ್ಲಿ ವಿಎಚ್‌ಎಲ್ ಕೆಟ್ಟಿರುವುದರಿಂದ ಗಾಳಿಯಲ್ಲೂ ಹಿಫ್ ಉಳಿದಿರುತ್ತದೆ, ಹಾಗಾಗಿ ನಿಜವಾದ ಬ್ಯಾಂಡ್ ಎಲ್ಲಿದೆ ಎಂದು ಈ ಲೇನ್ ತೋರಿಸುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಅರ್ಧ ಗಂಟೆ, 1, 2, 4, 8, 16, 24 ಗಂಟೆ ಹೀಗೆ ಸಾಲಾಗಿ ಲೋಡ್ ಮಾಡಿ ನೋಡಿ. ಹಿಫ್-1 ಆಲ್ಫಾ ಮೊದಲ ಕೆಲವು ಗಂಟೆ ಏರುತ್ತದೆ. ಆಮೇಲೆ ಎಷ್ಟೋ ಬಗೆಯ ಕೋಶಗಳಲ್ಲಿ ಇಳಿಯುತ್ತದೆ. ಚೇಂಬರಿನಲ್ಲಿ ಆಮ್ಲಜನಕ ಅದೇ 1%. ಹಾಗಾದರೆ ಇಳಿದದ್ದು ಯಾಕೆ? ಅದೇ ಬ್ಲಾಟಿನಲ್ಲಿ ಪಿಎಚ್‌ಡಿ2 ಮತ್ತು ಅದೇ ಬಗೆಯ ಪಿಎಚ್‌ಡಿ3 ನೋಡಿದರೆ ಒಂದು ಉತ್ತರ ಸಿಗುತ್ತದೆ: ಅವು ಏರಿರುತ್ತವೆ. ತನ್ನನ್ನು ಒಡೆಸುವ ಕಿಣ್ವಗಳ ಜೀನ್‌ಗಳನ್ನು ಹಿಫ್ ತಾನೇ ಆನ್ ಮಾಡುತ್ತದೆ. ಒಂದೊಂದು ಕಿಣ್ವದ ಕೆಲಸ ನಿಧಾನವಾದರೂ ಅವುಗಳ ಸಂಖ್ಯೆ ಜಾಸ್ತಿಯಾದಾಗ ಹಿಫ್ ಮತ್ತೆ ಕರಗುತ್ತದೆ. ಗಾಳಿ ಮರಳಿದಾಗಲೂ ಇದೇ ಸಿದ್ಧತೆ ಉಪಯೋಗಕ್ಕೆ ಬರುತ್ತದೆ, ಹಿಫ್ ಬೇಗ ಖಾಲಿಯಾಗುತ್ತದೆ. ಬರೀ 24 ಗಂಟೆಯ ಪ್ಲೇಟ್ ನೋಡಿ "ಈ ಕೋಶದಲ್ಲಿ ಹಿಫ್ ಪಾತ್ರ ಇಲ್ಲ" ಎಂದು ಬರೆದ ತೀರ್ಮಾನ ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹಿಫ್ ಇಳಿಯುವ ಹೊತ್ತಿಗೆ ಅದು ಶುರು ಮಾಡಿದ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಗ್ಲೂಟ್1 ಎಂಬ ಸಾಗಣೆ ಪ್ರೋಟೀನ್ ಹೆಚ್ಚಾಗಿ ಗ್ಲೂಕೋಸ್ ಜಾಸ್ತಿ ಒಳಗೆ ಬರುತ್ತದೆ. ಪಿಡಿಕೆ1 ಎಂಬ ಕಿಣ್ವ, ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟ್ ಮೈಟೋಕಾಂಡ್ರಿಯಾದಲ್ಲಿ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕೋಶದ ಭಾಗ) ಉರಿಯುವ ದಾರಿ ತಡೆಯುತ್ತದೆ. ಎಲ್‌ಡಿಎಚ್‌ಎ ಎಂಬ ಇನ್ನೊಂದು ಕಿಣ್ವ ಆ ಪೈರುವೇಟನ್ನು ಲ್ಯಾಕ್ಟೇಟ್ ಮಾಡುತ್ತದೆ. ಇದು ಬರಿಗಣ್ಣಿಗೇ ಕಾಣುತ್ತದೆ. ಮಾಮೂಲಿ ಗಾಳಿಯ ಇನ್ಕ್ಯುಬೇಟರಿನ ಪ್ಲೇಟಿನಲ್ಲಿ ಮೀಡಿಯಾ ಕೆಂಪಗಿರುವಾಗ 1%ನದು ಹಳದಿಗೆ ತಿರುಗಿರುತ್ತದೆ, ಮೀಡಿಯಾದಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ ಆಮ್ಲವನ್ನು ತೋರಿಸುತ್ತಿರುತ್ತದೆ. ಇನ್ನೊಂದು ಕಡೆ ರೆಡ್1 ಎಂಬ ಪ್ರೋಟೀನ್ ಏರಿ, ಕೋಶಕ್ಕೆ ಬೆಳೆಯಲು ಹೇಳುವ ಎಂಟಾರ್ ಸಂಕೇತ ತಗ್ಗುತ್ತದೆ, ಹೊಸ ಪ್ರೋಟೀನ್ ತಯಾರಿಕೆ ಕಡಿಮೆಯಾಗುತ್ತದೆ. ಕೋಶಕ್ಕೆ ಅತಿ ದುಬಾರಿ ಕೆಲಸಗಳಲ್ಲಿ ಅದೂ ಒಂದು. ಆದಾಯ ಕಡಿಮೆಯಾದಾಗ ಖರ್ಚನ್ನೂ ಇಳಿಸುವುದರಿಂದ ಕೋಶ ಬದುಕುತ್ತದೆ.

ಪಿಎಚ್‌ಡಿಯನ್ನು ತಡೆಯುವ ಕೋಬಾಲ್ಟ್ ಕ್ಲೋರೈಡ್ ಹಾಕಿದರೆ ಸಾಲದೇ ಎಂದು ಕಿರಿಯರು ಕೇಳುತ್ತಾರೆ. ಅಗ್ಗ, ಸುಲಭ, ಹಿಫ್ ಬ್ಯಾಂಡ್ ಚೆನ್ನಾಗಿಯೇ ಬರುತ್ತದೆ. ಆಂಟಿಬಾಡಿ ಪರೀಕ್ಷಿಸಲು ನಾನೂ ಬಳಸುತ್ತೇನೆ. ಆದರೆ ಅಲ್ಲಿ ಮೈಟೋಕಾಂಡ್ರಿಯಾಗೆ ಆಮ್ಲಜನಕ ಸಿಗುತ್ತಲೇ ಇರುತ್ತದೆ. ಬದುಕುಳಿಯುವ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಪಿಎಚ್‌ಡಿಯನ್ನು ತಡೆಯುವುದರಿಂದ ಪ್ರಯೋಜನ ಇಲ್ಲ ಅಂತಲ್ಲ. ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕ ಡೆಸಿಡುಸ್ಟಾಟ್ ಮಾತ್ರೆ ಮಾಡುವುದು ಅದನ್ನೇ.

ಕೊನೆಗೆ, ಯಾರೂ ಅಷ್ಟಾಗಿ ಬರೆಯದ ಒಂದು ವಿಷಯ. ಡಿಸ್‌ಪ್ಲೇನಲ್ಲಿ 1% ಅಂತ ಕಂಡರೂ ಅದು ಗಾಳಿಯ ಅಳತೆ. ಕೋಶ ಇರುವುದು ಮೀಡಿಯಾದ ತಳದಲ್ಲಿ. ಆಮ್ಲಜನಕ ಆ ನೀರಿನ ಮೂಲಕ ನಿಧಾನಕ್ಕೆ ಇಳಿಯಬೇಕು, ಕೋಶಗಳು ಅದನ್ನು ಉಸಿರಾಡಿ ಖಾಲಿ ಮಾಡುತ್ತಲೇ ಇರುತ್ತವೆ. ಮೀಡಿಯಾ ಆಳವಾದಷ್ಟೂ, ಕೋಶಗಳು ದಟ್ಟವಾದಷ್ಟೂ ತಳದಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಒಂದು ಪ್ರಯೋಗದ ಎಲ್ಲ ಪ್ಲೇಟುಗಳಿಗೂ ಒಂದೇ ಅಳತೆಯ ಮೀಡಿಯಾ, ಒಂದೇ ಸಂಖ್ಯೆಯ ಕೋಶಗಳನ್ನು ಹಾಕುತ್ತೇನೆ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಆಮ್ಲಜನಕದ ಅಂಕಿಯ ಪಕ್ಕದಲ್ಲೇ ಬರೆದಿಡುತ್ತೇನೆ.