ಅಪ್‌ಡೇಟ್ ಆದಮೇಲೆ ಎನ್‌ವಿಡಿಎ ಮಾತು ನಿಲ್ಲಿಸಿದರೆ

"ಸರ್, ಲ್ಯಾಪ್‌ಟಾಪ್ ಮಾತೇ ಆಡ್ತಿಲ್ಲ. ನಾಳೆ ಬೆಳಗ್ಗೆ ಅಸೈನ್‌ಮೆಂಟ್ ಕೊಡಬೇಕು."

ರಾತ್ರಿ ಒಂಬತ್ತೂವರೆಗೆ ಧಾರವಾಡದ ಹಾಸ್ಟೆಲಿನಿಂದ ಬಂದ ಫೋನು. ಹುಡುಗಿಗೆ ಕಣ್ಣು ಕಾಣದು, ನನಗೂ ಕಾಣದು. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವೇ ನಮಗೆ ಕಣ್ಣು. ಅಕ್ಕಪಕ್ಕ ಪರದೆ ನೋಡಿ ಹೇಳುವವರು ಯಾರೂ ಇಲ್ಲ. "ಅನ್‌ಇನ್‌ಸ್ಟಾಲ್ ಮಾಡಿಬಿಡ್ಲಾ ಸರ್?" ಅಂದಳು. ಬೇಡಮ್ಮಾ, ಫೋನು ಸ್ಪೀಕರ್ ಹತ್ತಿರ ಹಿಡಿ, ಕಂಟ್ರೋಲ್ ಆಲ್ಟ್ ಎನ್ ಒತ್ತು ಅಂದೆ. ಎರಡು ಕ್ಷಣ ಬಿಟ್ಟು ಎನ್‌ವಿಡಿಎ ಶುರುವಾಗುವಾಗಿನ ಆ ಏರುಸ್ವರ ಫೋನಿನಲ್ಲಿ ನನಗೂ ಕೇಳಿಸಿತು. ಆಮೇಲೆ ಮೌನ. ನನಗೆ ಅರ್ಧ ನೆಮ್ಮದಿ ಅಲ್ಲೇ ಸಿಕ್ಕಿತು.

ಯಾಕೆಂದರೆ ಮಾತು ನಿಂತಿತು ಅನ್ನುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಏರುಸ್ವರವೇ ಬರಲಿಲ್ಲ ಅಂದರೆ ಒಂದೋ ಎನ್‌ವಿಡಿಎ ಏಳುತ್ತಿಲ್ಲ, ಇಲ್ಲವೇ ಕಂಪ್ಯೂಟರಿನ ಶಬ್ದ ಬೇರೆ ಕಡೆ ಹೋಗುತ್ತಿದೆ. ಸ್ವರ ಬಂದು ಮಾತು ಬರಲಿಲ್ಲ ಅಂದರೆ ಎನ್‌ವಿಡಿಎ ಎದ್ದಿದೆ, ದನಿ ಮಾತ್ರ ಹೋಗಿದೆ. ಇದನ್ನು ತಿಳಿಯದೆ ಅಳಿಸಿ ಮತ್ತೆ ಹಾಕಲು ಹೊರಟರೆ, ಅಳಿಸಿದ ಮೇಲೆ ಹಾಕುವುದಕ್ಕೂ ಕಿವಿಗೆ ಆಸರೆ ಇರುವುದಿಲ್ಲ.

ಆಸರೆ ಬೇಕಿದ್ದರೆ ವಿಂಡೋಸ್ 10, 11ರಲ್ಲಿ ಅದರದೇ ಓದುಗ ತಂತ್ರಾಂಶ ನರೇಟರ್ ಇದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಅದೂ ಮಾತಾಡಲಿಲ್ಲವೆಂದರೆ ಎನ್‌ವಿಡಿಎಯನ್ನು ಬಿಟ್ಟು ವಾಲ್ಯೂಮ್, ಬ್ಲೂಟೂತ್, ಎಚ್‌ಡಿಎಂಐ ವಯರ್ ನೋಡಿಕೊಳ್ಳಿ. ಇನ್ನೊಂದು ಸಣ್ಣ ವಿಷಯ: ಎನ್‌ವಿಡಿಎ ಕೀ (ಮಾಮೂಲಿಯಾಗಿ ಇನ್ಸರ್ಟ್) ಜೊತೆ ಎಸ್ ಕೈತಪ್ಪಿ ಒತ್ತಿದರೂ ಮಾತು ನಿಲ್ಲುತ್ತದೆ ಅಥವಾ ಬರೀ ಬೀಪ್ ಬರುತ್ತದೆ. ಅದನ್ನೇ ನಾಲ್ಕೈದು ಸಲ, ಪ್ರತಿ ಸಲವೂ ಸ್ವಲ್ಪ ಕಾದು ಒತ್ತಿ ನೋಡಿ.

ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೇಳುತ್ತಾ ಹೋದ ಹಾಗೆ ಕಥೆ ಬಿಚ್ಚಿಕೊಂಡಿತು. ಅಪ್‌ಡೇಟ್ ಮಾಡುವಾಗ ಕೆಲವು ಆಡಾನ್‌ಗಳು, ಅಂದರೆ ಎನ್‌ವಿಡಿಎಗೆ ನಾವು ಮೇಲಿಂದ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು, ಹೊಸ ಆವೃತ್ತಿಗೆ ಹೊಂದುವುದಿಲ್ಲ, ಅವು ನಿಲ್ಲುತ್ತವೆ ಎಂದು ಎನ್‌ವಿಡಿಎ ಹೇಳಿತ್ತಂತೆ. ಅವಳು ದಿನಾ ಕೇಳುತ್ತಿದ್ದ ದನಿಯೂ ಹಾಗೊಂದು ಹಳೆಯ ಆಡಾನ್. ಅದು ನಿಂತು ಬೇರೆ ದನಿ ಬಂದದ್ದು ಹಿಡಿಸದೆ, ಆಡಾನ್ ಸ್ಟೋರಿಗೆ ಹೋಗಿ, ಹೊಂದದಿದ್ದರೂ ಪರವಾಗಿಲ್ಲ ಅನ್ನುವ ಆಯ್ಕೆ ಒತ್ತಿ ಅದನ್ನು ಮತ್ತೆ ಚಾಲೂ ಮಾಡಿದ್ದಾಳೆ. ರೀಸ್ಟಾರ್ಟ್ ಆಯಿತು, ದನಿ ಹೋಯಿತು.

ಹೀಗೇಕೆ ಅಂದರೆ, ಎನ್‌ವಿಡಿಎಯ ಆವೃತ್ತಿಗೆ ವರ್ಷದ ಹೆಸರಿರುತ್ತದೆ: 2023.1, 2023.2, 2024.1 ಹೀಗೆ. ಸಾಮಾನ್ಯವಾಗಿ ವರ್ಷದ ಮೊದಲ ಆವೃತ್ತಿಯಲ್ಲಿ ಒಳಗಿನ ಜೋಡಣೆ ಬದಲಾಗುತ್ತದೆ. ಆಡಾನ್ ಬರೆದವರು ತಮ್ಮದನ್ನು ಅದಕ್ಕೆ ತಕ್ಕಂತೆ ತಿದ್ದಿ ಬಿಡುವವರೆಗೆ ಹಳೆಯದು ಕೂಡುವುದಿಲ್ಲ. 2019.3ರಲ್ಲಿ ಎನ್‌ವಿಡಿಎ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ರಿಂದ 3ಕ್ಕೆ ಹೋದಾಗ ನಮ್ಮಲ್ಲಿ ಅನೇಕರು ಇದನ್ನು ಅನುಭವಿಸಿದ್ದೇವೆ. ಪಾಯಿಂಟ್ ಒಂದು ಬಂದಾಗ ನಾನು ಕೆಲವು ವಾರ ಕಾಯುತ್ತೇನೆ. ಪರೀಕ್ಷೆ ಹತ್ತಿರವಿದ್ದರೆ ಕೈಯೇ ಹಾಕುವುದಿಲ್ಲ.

ಕಿವಿಗೆ ಏನೂ ಕೇಳಿಸದಿದ್ದರೂ ಮಾಡಬಹುದಾದ ಉಪಾಯ ಹೀಗಿದೆ. ಎನ್‌ವಿಡಿಎ ಕೀ ಮತ್ತು ಕ್ಯೂ ಒತ್ತಿ. ನಿರ್ಗಮನದ ಕಿಟಕಿ ತೆರೆದುಕೊಳ್ಳುತ್ತದೆ. ಕೆಳ ಬಾಣ ಎರಡು ಸಲ, ಆಮೇಲೆ ಎಂಟರ್. ಮೊದಲನೆಯದು ನಿರ್ಗಮನ, ಎರಡನೆಯದು ರೀಸ್ಟಾರ್ಟ್, ಮೂರನೆಯದು ಆಡಾನ್‌ಗಳಿಲ್ಲದೆ ರೀಸ್ಟಾರ್ಟ್. ನಮಗೆ ಬೇಕಾದದ್ದು ಮೂರನೆಯದು. ಫೋನಿನಲ್ಲಿ ನಾನು "ಒಂದು... ಎರಡು... ಎಂಟರ್" ಎಂದು ಎಣಿಸಿದೆ. ಇಳಿಸ್ವರ, ಏರುಸ್ವರ, ಅದರ ಹಿಂದೆಯೇ ಇಸ್ಪೀಕ್‌ನ ಆ ಒರಟು ದನಿ. "ಬಂತು ಸರ್!" ಎಂದು ಕೂಗಿದಳು. ಇಸ್ಪೀಕ್ ಎನ್‌ವಿಡಿಎ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ಅದರ ದನಿ ಅನೇಕರಿಗೆ ಇಷ್ಟವಿಲ್ಲ, ನನಗೆ ಮಾತ್ರ ಅದರ ಮೇಲೆ ಬಹಳ ಪ್ರೀತಿ. ಎಷ್ಟೋ ರಾತ್ರಿ ಅದೇ ಕೈಹಿಡಿದಿದೆ.

ಮಾತು ಬಂದ ಮೇಲೆ ಎನ್‌ವಿಡಿಎ ಕೀ ಮತ್ತು ಎನ್, ಟೂಲ್ಸ್, ಆಡಾನ್ ಸ್ಟೋರ್. ಹೊಂದದವುಗಳಿಗೆ ಬೇರೆಯೇ ಟ್ಯಾಬ್ ಇದೆ. ಅನುಮಾನ ಬಂದದ್ದನ್ನು ನಿಲ್ಲಿಸಿ ಮಾಮೂಲಿಯಂತೆ ರೀಸ್ಟಾರ್ಟ್ ಮಾಡಿ. ಯಾವುದೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ನಿಲ್ಲಿಸಿ ಒಂದೊಂದಾಗಿ ಚಾಲೂ ಮಾಡಿ. ಬೇಸರದ ಕೆಲಸ, ಆದರೆ ತಪ್ಪಿತಸ್ಥ ಸಿಕ್ಕೇ ಸಿಗುತ್ತದೆ.

ಆಡಾನ್‌ಗಳಿಲ್ಲದೆಯೂ ತೊಂದರೆ ಉಳಿದರೆ ಸೆಟ್ಟಿಂಗ್ ಕೆಟ್ಟಿರಬಹುದು. ಎನ್‌ವಿಡಿಎ ಕೀ, ಕಂಟ್ರೋಲ್, ಆರ್ ಬೇಗಬೇಗ ಮೂರು ಸಲ ಒತ್ತಿದರೆ ಎಲ್ಲವೂ ಮೂಲಸ್ಥಿತಿಗೆ ಹೋಗುತ್ತದೆ. ಇಲ್ಲೊಂದು ಎಚ್ಚರ: ಕ್ಯಾಪ್ಸ್ ಲಾಕನ್ನು ಎನ್‌ವಿಡಿಎ ಕೀ ಮಾಡಿಕೊಂಡಿದ್ದವರಿಗೆ ಆಮೇಲೆ ಅದು ಕೆಲಸ ಮಾಡುವುದಿಲ್ಲ, ಇನ್ಸರ್ಟ್ ಮಾತ್ರ. ಮತ್ತೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಗುರುತು ಹಾಕಿ ಉಳಿಸಿಕೊಳ್ಳಿ.

ಮಾತು ಬರುತ್ತದೆ, ಬ್ರೌಸರ್ ಅಥವಾ ಮೇಲ್ ಒಳಗೆ ಮಾತ್ರ ಏನೂ ಓದುವುದಿಲ್ಲ ಅಂದರೆ, ಅದೇ ಟೂಲ್ಸ್ ಪಟ್ಟಿಯಲ್ಲಿ ಕಾಮ್ ರಿಜಿಸ್ಟ್ರೇಷನ್ ಸರಿಪಡಿಸುವ ಸಾಧನವಿದೆ. ಓಡಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

"ಅಪ್‌ಡೇಟ್ ಆದಮೇಲೆ ಕನ್ನಡ ಓದ್ತಿಲ್ಲ" ಎಂಬ ದೂರು ನನಗೆ ಬೇಕಾದಷ್ಟು ಬರುತ್ತದೆ. ದನಿ ಬದಲಾದಾಗ ಭಾಷೆಯೂ ಇಂಗ್ಲಿಷಿಗೆ ಹೋಗಿರಬಹುದು. ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿ ಇಸ್ಪೀಕ್‌ನಲ್ಲಿ ಕನ್ನಡ ಆರಿಸಿ. ಆಗಲೂ ಒಂದು ಫೈಲು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉದುರಿಸಿದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು. ಕಣ್ಣಿಗೆ ಕನ್ನಡ, ಒಳಗಿರುವುದು ಬೇರೆ ಸಂಕೇತ. ಇದರಲ್ಲಿ ಅಪ್‌ಡೇಟಿನ ತಪ್ಪೇನೂ ಇಲ್ಲ, ಯೂನಿಕೋಡಿಗೆ ಬದಲಿಸದ ಹೊರತು ಯಾವ ಓದುಗ ತಂತ್ರಾಂಶವೂ ಅದನ್ನು ಓದಲಾರದು. ಕಚೇರಿಯ ಸುತ್ತೋಲೆ, ಶಾಲೆಯ ನೋಟ್ಸು ಟೈಪ್ ಮಾಡುವವರಿಗೆ ಕೈಮುಗಿದು ಕೇಳುತ್ತೇನೆ, ಯೂನಿಕೋಡಿನಲ್ಲೇ ಮಾಡಿ.

ಯಾರಿಂದಾದರೂ ಸಹಾಯ ಕೇಳುವುದಿದ್ದರೆ ಲಾಗ್ ಫೈಲು, ಅಂದರೆ ಎನ್‌ವಿಡಿಎ ತಾನು ಮಾಡಿದ್ದನ್ನು ಬರೆದಿಡುವ ಫೈಲು, ಕಳಿಸಿ. ಟೆಂಪ್ ಫೋಲ್ಡರಿನಲ್ಲಿ ಎನ್‌ವಿಡಿಎ ಹೆಸರಿನಲ್ಲಿ ಎರಡಿರುತ್ತವೆ. 'ಓಲ್ಡ್' ಅಂತಿರುವುದು ಹಿಂದಿನ ಸಲ ಓಡಿದಾಗಿನದು, ರೀಸ್ಟಾರ್ಟ್ ಮಾಡಿಬಿಟ್ಟಿದ್ದರೆ ತೊಂದರೆಯ ದಾಖಲೆ ಅದರಲ್ಲಿ. ಆದರೆ ಲಾಗಿಂಗ್ ಮಟ್ಟವನ್ನು ಎಲ್ಲವನ್ನೂ ವಿವರವಾಗಿ ಬರೆಯುವ ಡೀಬಗ್‌ಗೆ ಇಟ್ಟಿದ್ದರೆ ನೀವು ಒತ್ತಿದ ಕೀಗಳೂ ಅದರಲ್ಲಿ ಕೂತಿರುತ್ತವೆ, ಪಾಸ್‌ವರ್ಡ್ ಕೂಡ. ಆ ಹೊತ್ತಿನಲ್ಲಿ ಬ್ಯಾಂಕಿನ ಪುಟ ತೆರೆಯಬೇಡಿ.

ಆ ರಾತ್ರಿ ಕೆಲಸ ಮುಗಿದಾಗ ಹನ್ನೊಂದಾಗಿತ್ತು. ಫೋನಿಡುವ ಮೊದಲು ಅವಳ ಪೆನ್‌ಡ್ರೈವಿಗೆ ಒಂದು ಪೋರ್ಟಬಲ್ ಪ್ರತಿ ಮಾಡಿಸಿದೆ. ಟೂಲ್ಸ್ ಪಟ್ಟಿಯಲ್ಲೇ ಆ ಆಯ್ಕೆಯಿದೆ. ಇನ್ನು ಮುಂದೆ ಅಪ್‌ಡೇಟಿಗೆ ಎಂಟರ್ ಒತ್ತುವ ಮುಂಚೆ, ಸರಿಯಾಗಿ ಮಾತಾಡುತ್ತಿರುವ ಎನ್‌ವಿಡಿಎ ಒಂದು ಅವಳ ಬ್ಯಾಗಿನಲ್ಲಿರುತ್ತದೆ.