ಗಾಯವಾಗದ ದಿನಗಳಿಗೂ ಒಂದು ಚುಕ್ಕಿ ಇಡಿ: ಸುರಕ್ಷತಾ ವಿದ್ಯಾರ್ಥಿಗಳಿಗೆ ಗ್ರಾಫ್ ಕಲಿಸುವ ಬಗೆ

ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಗ್ರಾಫ್ ಕಲಿಸುವಾಗ ಮೊದಲ ಎರಡು ವಾರ ನಾನು ಕಂಪ್ಯೂಟರ್ ಮುಟ್ಟಗೊಡುವುದಿಲ್ಲ. ಒಬ್ಬೊಬ್ಬರಿಗೂ ಒಂದು ಗ್ರಾಫ್ ಹಾಳೆ, ಒಂದು ಸ್ಕೇಲು, ಒಂದು ಪೆನ್ಸಿಲ್ಲು, ಅಷ್ಟೇ. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಅಕ್ಷ ಎಲ್ಲಿಂದ ಶುರುವಾಗಬೇಕು, ಗ್ರಾಫಿನ ಒಂದು ಚೌಕದ ಮನೆ ಎಷ್ಟಕ್ಕೆ ಸಮ ಎಂಬುದನ್ನೆಲ್ಲ ಅದೇ ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಸುರಕ್ಷತಾ ಅಧಿಕಾರಿಯದ್ದಾಗಬೇಕು. ಅವರು ಇಡುವ ಚುಕ್ಕಿಯ ಹಿಂದೆ ಯಾರದೋ ಕೈ, ಯಾರದೋ ಕಣ್ಣು ಇರುತ್ತದೆ.

ಮೊದಲ ಅಭ್ಯಾಸಕ್ಕೆ ನಾನೇ ಕಟ್ಟಿದ ಲೆಕ್ಕವೊಂದಿದೆ. ಒಂದು ಕಾರ್ಖಾನೆಯಲ್ಲಿ ಏಪ್ರಿಲ್‌ನಲ್ಲಿ 6 ಮಂದಿಗೆ, ಮೇ ತಿಂಗಳಲ್ಲಿ 4 ಮಂದಿಗೆ ರಜೆ ಹಾಕಬೇಕಾಗುವಷ್ಟು ಗಾಯ. ಕಂಬ ಎಳೆಯಿರಿ ಎನ್ನುತ್ತೇನೆ. ಎಳೆದ ಕೂಡಲೇ "ಕಡಿಮೆಯಾಗಿದೆ ಮೇಡಂ" ಎನ್ನುತ್ತಾರೆ. ಆಮೇಲೆ ಹಾಜರಿ ಪುಸ್ತಕದ ಅಂಕಿ ಕೊಡುತ್ತೇನೆ: ಏಪ್ರಿಲ್‌ನಲ್ಲಿ ದುಡಿದದ್ದು 1,20,000 ಗಂಟೆ, ಮೇ ತಿಂಗಳಲ್ಲಿ 60,000. ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ ಗಂಟೆಗಳಿಂದ ಭಾಗಿಸಿದರೆ ಏಪ್ರಿಲ್‌ಗೆ 50, ಮೇ ತಿಂಗಳಿಗೆ ಸುಮಾರು 67. ಅದೇ ಹಾಳೆಯ ಮೇಲೆ ಈ ಎರಡು ಕಂಬಗಳನ್ನು ಎಳೆಸುತ್ತೇನೆ. ತರಗತಿ ಮೌನವಾಗುತ್ತದೆ.

ಈ ಅಭ್ಯಾಸವನ್ನು ನಾನು ಯಾವ ವರ್ಷವೂ ಬಿಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಗಾಯಗಳು ಅರ್ಧಕ್ಕಿಳಿದಿವೆ ಎಂದು ಗ್ರಾಫ್ ತೋರಿಸಿ ರಾತ್ರಿ ಪಾಳಿಯ ತಪಾಸಣೆ ನಿಲ್ಲಿಸಿದರು. ಇಳಿದದ್ದು ಗಾಯವಲ್ಲ, ಆರ್ಡರು. ಕೆಲಸ ಮತ್ತೆ ಹೆಚ್ಚಿದ ತಿಂಗಳಲ್ಲೇ ಒಬ್ಬ ಹುಡುಗನ ಎರಡು ಬೆರಳ ತುದಿ ಹೋಯಿತು. ಆ ಗ್ರಾಫ್ ಎಳೆದವಳು ನಾನು.

ಅಮೆರಿಕದ ವರದಿಗಳಲ್ಲಿ ಈ ಬಗೆಯ ದರವನ್ನು 2 ಲಕ್ಷ ಗಂಟೆಗೆ ಹೇಳುತ್ತಾರೆ: ನೂರು ಮಂದಿ, ವಾರಕ್ಕೆ 40 ಗಂಟೆ, ವರ್ಷಕ್ಕೆ 50 ವಾರ. ಅಕ್ಷದ ಪಕ್ಕದಲ್ಲಿ ಎಷ್ಟು ಗಂಟೆಗೆ ಎಂದು ಬರೆಯದ ಹಾಳೆಯನ್ನು ನಾನು ನೋಡದೆ ಹಿಂದಿರುಗಿಸುತ್ತೇನೆ.

ಮುಂದಿನ ಪಾಠ ಏರಿಳಿತದ್ದು. ಕಳೆದ ತಿಂಗಳು 2 ಗಾಯ ಇದ್ದದ್ದು ಈ ತಿಂಗಳು 6 ಆಯಿತೆಂದು ಗಾಬರಿಪಡುವವರಿಗೆ ಇದು ಬೇಕೇ ಬೇಕು. ದುಡಿಮೆಯ ಗಂಟೆಗಳು ಹೆಚ್ಚುಕಡಿಮೆ ಒಂದೇ ಇದ್ದು, ತಿಂಗಳ ಸರಾಸರಿ 4 ಆಗಿದ್ದರೆ, ಅದರ ವರ್ಗಮೂಲ 2. ಅದರ ಮೂರು ಪಟ್ಟನ್ನು ಸರಾಸರಿಗೆ ಸೇರಿಸಿ 10ರಲ್ಲಿ, ಸಹಜ ಏರಿಳಿತದ ಮಿತಿಯೆಂದು, ಮೇಲಿನ ಗೆರೆ ಎಳೆಸಿ. 6 ಆ ಗೆರೆಯ ಒಳಗೇ ಇದೆ. ಆ ಆರು ಮಂದಿಯ ಗಾಯದ ತನಿಖೆ ಹೇಗೂ ನಡೆಯಲೇಬೇಕು. ಆದರೆ ವ್ಯವಸ್ಥೆಯೇ ಹದಗೆಟ್ಟಿತು ಎನ್ನಲು ಈ ಒಂದು ಚುಕ್ಕಿ ಸಾಲದು.

ಹೆಚ್ಚು ಸಮಯ ಕೊಡಬೇಕಾದದ್ದು ಚಾಲೆಂಜರ್ ಪಾಠಕ್ಕೆ. ನಾನು ಪೂರಾ ಎರಡು ತರಗತಿ ಕೊಡುತ್ತೇನೆ. 1986ರ ಜನವರಿ 28ರಂದು ಆ ಗಗನನೌಕೆ ಏಳು ಮಂದಿಯೊಡನೆ ನಾಶವಾಯಿತು. ರಾಕೆಟ್ಟಿನ ಕೀಲುಗಳಲ್ಲಿದ್ದ ಓ-ರಿಂಗ್ ಎಂಬ ರಬ್ಬರ್ ಬಳೆ ಚಳಿಗೆ ಸೆಡೆತು, ಬಿಸಿ ಅನಿಲವನ್ನು ತಡೆಯಲಾರದೆ ಹೋಯಿತು. ಹಿಂದಿನ ರಾತ್ರಿ ಕೆಲವು ಎಂಜಿನಿಯರುಗಳು ಹಾರಿಸಬೇಡಿ ಎಂದು ವಾದಿಸಿದ್ದರು.

ಇದನ್ನು ಹೇಳುವ ಮೊದಲೇ ಅಂಕಿ ಕೊಡಿ. ಬಳೆಗಳಿಗೆ ಹಾನಿಯಾಗಿದ್ದ ಹಿಂದಿನ ಏಳು ಹಾರಾಟಗಳ ಉಷ್ಣತೆ, ಸೆಲ್ಸಿಯಸ್‌ನಲ್ಲಿ: 12, 14, 14, 17, 21, 21, 24. ಅಡ್ಡಕ್ಕೆ ಉಷ್ಣತೆ, ಉದ್ದಕ್ಕೆ ಹಾನಿ ಹಾಕಿ ಚುಕ್ಕಿ ಇಡಲಿ. "ಚಳಿಗೂ ಹಾನಿಗೂ ಸಂಬಂಧ ಕಾಣುತ್ತದೆಯೇ?" ಎಂದು ಕೇಳಿ. ಹನ್ನೆರಡರಲ್ಲೂ ಹಾನಿ, ಇಪ್ಪತ್ನಾಲ್ಕರಲ್ಲೂ ಹಾನಿ, ಇಲ್ಲ ಎನ್ನುತ್ತಾರೆ. ಉತ್ತರವನ್ನು ಶಾಯಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಈಗ ಹಾನಿಯಾಗದ ಹದಿನಾರು ಹಾರಾಟಗಳನ್ನು ಕೊಡಿ. ಅವೆಲ್ಲ 19ರಿಂದ 27 ಡಿಗ್ರಿಯೊಳಗಿನವು. ಸೊನ್ನೆಯ ಗೆರೆಯ ಮೇಲೆ ಒಂದೊಂದಾಗಿ ಚುಕ್ಕಿ ಬೀಳುತ್ತ ಹೋದಂತೆ ಹಾಳೆಯ ಬಲಭಾಗ ತುಂಬುತ್ತದೆ. ಎಡಗಡೆ, 17 ಮತ್ತು ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ, ಸೊನ್ನೆಯ ಚುಕ್ಕಿ ಒಂದೂ ಇಲ್ಲ. ಹಾರಿದ ನಾಲ್ಕಕ್ಕೆ ನಾಲ್ಕೂ ಹಾನಿಗೊಂಡಿದ್ದವು. ಆ ರಾತ್ರಿ ಹಾನಿಯಾಗದ ಹಾರಾಟಗಳನ್ನು ಸೇರಿಸಿ ಹೀಗೆ ಒಂದೇ ಹಾಳೆಯಲ್ಲಿ ಇಟ್ಟು ನೋಡಿರಲಿಲ್ಲ. ನಮ್ಮ ಕಾರ್ಖಾನೆಗಳಲ್ಲೂ ಅಪಘಾತ ಆದ ಪಾಳಿಗಳನ್ನಷ್ಟೇ ಪಟ್ಟಿ ಮಾಡುತ್ತೇವೆ. ಏನೂ ಆಗದ ಪಾಳಿಗಳ ಅಂಕಿಯನ್ನು ಕೇಳಿ ಪಡೆಯುವುದನ್ನು ಇಲ್ಲಿಂದಲೇ ರೂಢಿ ಮಾಡಿಸಿ.

ಕೊನೆಗೆ, ಉಡಾವಣೆಯ ಹೊತ್ತಿನ ಉಷ್ಣತೆಯನ್ನು ಗುರುತಿಸಲು ಹೇಳಿ. ಅಂದು ಗಾಳಿ ಸುಮಾರು 2 ಡಿಗ್ರಿ ಇತ್ತು. ಎಲ್ಲರೂ ಅಕ್ಷವನ್ನು ಹತ್ತರಿಂದ ಶುರುಮಾಡಿರುತ್ತಾರೆ, ಹಾಳೆಯಲ್ಲಿ ಜಾಗವಿರುವುದಿಲ್ಲ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಮೇಜಿನ ಮೇಲಿದ್ದ ಅಂಟು ತೆಗೆದುಕೊಂಡಳು. ಎಡಗಡೆಗೆ ಇನ್ನೊಂದು ಹಾಳೆ ಅಂಟಿಸಿ, ಖಾಲಿ ಮನೆಗಳನ್ನು ಬೆರಳಿನಿಂದ ಎಣಿಸುತ್ತ ಹೋಗಿ, ಎರಡರ ಹತ್ತಿರ ಪೆನ್ಸಿಲ್ ಇಟ್ಟಳು. ಅಲ್ಲಿಂದ ಹನ್ನೆರಡರವರೆಗೆ ಒಂದೂ ಚುಕ್ಕಿ ಇರಲಿಲ್ಲ.