ಚರ್ಚಿನ ಪೂಜಾಪಾತ್ರೆ ಕಳುವಾದರೆ ಏನು ಮಾಡಬೇಕು?

ಬೆಳಗಿನ ಪೂಜೆಗೆ ಬಾಗಿಲು ತೆಗೆಯಲು ಹೋದವರಿಗೆ ಮುರಿದ ಬೀಗ ಕಂಡರೆ ಕೈಕಾಲೇ ಆಡುವುದಿಲ್ಲ. ಆದರೂ ಚೆಲ್ಲಾಪಿಲ್ಲಿಯಾದದ್ದನ್ನು ಎತ್ತಿಡಬೇಡಿ, ಗುಡಿಸಬೇಡಿ. ಬೆರಳಚ್ಚು ಅಳಿಸಿಹೋಗುತ್ತದೆ. 112ಕ್ಕೆ ಕರೆ ಮಾಡಿ, ಫಾದರ್ ಅವರನ್ನು ಕರೆಸಿ. ಪ್ರಸಾದದ ಪೆಟ್ಟಿಗೆ ಒಡೆದಿದ್ದರೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ನೆಲಕ್ಕೆ ಬಿದ್ದಿದೆಯೇ ಎಂದು ಗುರುಗಳೇ ನೋಡಬೇಕು. ಪೊಲೀಸರು ಫೋಟೊ ತೆಗೆದುಕೊಂಡ ಕೂಡಲೇ ಅದನ್ನು ಎತ್ತಿಕೊಳ್ಳಲು ಬಿಡಿ ಎಂದು ಕೇಳಿಕೊಳ್ಳಿ. ಬೆಳ್ಳಿ ಹೋದದ್ದಕ್ಕಿಂತ ಭಕ್ತರನ್ನು ನೋಯಿಸುವುದು ಪರಮಪ್ರಸಾದ ನೆಲಕ್ಕೆ ಬಿದ್ದದ್ದು.

ದೂರಿನಲ್ಲಿ ‘ಬೆಳ್ಳಿ ಬಟ್ಟಲು ಒಂದು’ ಎಂದಷ್ಟೇ ಬರೆದರೆ, ನಾಳೆ ಅದು ಸಿಕ್ಕರೂ ನಿಮ್ಮದೇ ಎಂದು ತೋರಿಸುವುದು ಕಷ್ಟ. ಎತ್ತರ, ತೂಕ, ಪಾದದಡಿ ಕೆತ್ತಿದ ಹೆಸರು, ಅಂಚಿನ ತಗ್ಗು ಎಲ್ಲವನ್ನೂ ಬರೆಯಿರಿ. ಫೋಟೊ ಇಲ್ಲವೇ? ಊರಿನವರ ಮದುವೆ ಆಲ್ಬಂ, ಮಕ್ಕಳ ಮೊದಲ ಪರಮಪ್ರಸಾದದ ಚಿತ್ರಗಳನ್ನು ತರಿಸಿ. ಬಲಿಪೀಠದ ಮೇಲಿದ್ದ ಪಾತ್ರೆ ಯಾವುದೋ ಒಂದು ಚಿತ್ರದಲ್ಲಿ ಇದ್ದೇ ಇರುತ್ತದೆ. ಪೂಜಾಸ್ಥಳದ ವಿಗ್ರಹ ಕದ್ದವರಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಪ್ರಕಾರ 7 ವರ್ಷದವರೆಗೆ ಶಿಕ್ಷೆಯಿದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ರಾಯಚೂರು ಜಿಲ್ಲೆಯ ಮುದಗಲ್ಲಿನಂಥ ಹಳೆಯ ಕ್ರೈಸ್ತ ನೆಲೆಯಿರುವ ಸೀಮೆ ನಮ್ಮದು. ಕಳುವಾದದ್ದು 100 ವರ್ಷಕ್ಕಿಂತ ಹಳೆಯದಾಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅದನ್ನೂ ದೂರಿನಲ್ಲಿ ಸೇರಿಸಿ. ವಿಮೆ ಇದ್ದರೆ ಕಂಪನಿಗೆ ಅಂದೇ ತಿಳಿಸಿ.

ಇನ್ನು ಹೊಸದು. ಅವಸರ ಬೇಡ. ಪಕ್ಕದ ಧರ್ಮಕೇಂದ್ರದಿಂದ ಒಂದು ಪಾತ್ರೆ ತಂದುಕೊಂಡು ಕೆಲವು ವಾರ ಪೂಜೆ ನಡೆಸಬಹುದು. ಅಷ್ಟರಲ್ಲಿ ಬಳ್ಳಾರಿಯ ಧರ್ಮಾಧ್ಯಕ್ಷರ (ಬಿಷಪರ) ಕಚೇರಿಯೊಂದಿಗೆ ಮಾತಾಡಿ. ಗಾಜು, ಮಣ್ಣಿನಂಥ ಒಡೆಯುವ ಪಾತ್ರೆಗಳನ್ನು ಬಲಿಪೂಜೆಗೆ ಬಳಸಬಾರದೆಂದು 2004ರಲ್ಲೇ ವ್ಯಾಟಿಕನ್ ಸೂಚಿಸಿದೆ. ಚಿನ್ನಕ್ಕಿಂತ ಕೆಳದರ್ಜೆಯ ಲೋಹವಾದರೆ ಒಳಮೈಗೆ ಸಾಮಾನ್ಯವಾಗಿ ಚಿನ್ನದ ಲೇಪ ಬೇಕು. ಕೊಳ್ಳುವಾಗ ಬಟ್ಟಲನ್ನು ಬೆಳಕಿಗೆ ಓರೆ ಹಿಡಿದು ಒಳಗೆ ನೋಡಿ: ಲೇಪ ತಳದವರೆಗೂ ಒಂದೇ ಸಮ ಹೊಳೆಯಬೇಕು, ಅಂಚಿನಲ್ಲಿ ಬೆರಳಿಗೆ ತರಿ ತಾಗಬಾರದು.

ಯಾರೋ ಅರ್ಧ ಬೆಲೆಗೆ ಹಳೆಯ ಪಾತ್ರೆ ಕೊಡುತ್ತೇವೆಂದರೆ ಖಂಡಿತ ಕೊಳ್ಳಬೇಡಿ. ಅದು ಇನ್ನೊಂದು ಊರಿನ ಚರ್ಚಿನಿಂದ ಕದ್ದದ್ದೇ ಆಗಿರಬಹುದು.

ಹೋದದ್ದು ಮರದ ಪ್ರತಿಮೆಯಾದರೆ ಪ್ಲಾಸ್ಟರಿನ ಅಚ್ಚು ತರುವ ಮೊದಲು ಕೊಪ್ಪಳ ಪಕ್ಕದ ಕಿನ್ನಾಳಕ್ಕೆ ಹೋಗಿ ಬನ್ನಿ ಎಂಬುದು ನನ್ನ ಆಸೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮೆತ್ತೆಯಿಂದ ಮೈ ತುಂಬಿಸಿ ಬಣ್ಣ ಕೊಡುತ್ತಾರೆ. ಹಳೆಯ ಫೋಟೊ ಕೊಟ್ಟು, ಮರಿಯ ಮಾತೆಯ ಕೈ ಹೇಗಿತ್ತು, ಸೆರಗಿನ ನೀಲಿ ಎಷ್ಟು ಗಾಢವಾಗಿತ್ತು ಎಂದು ಊರಿನ ಹಿರಿಯ ಅಮ್ಮಂದಿರಿಂದಲೇ ಹೇಳಿಸಿ. ನಮ್ಮ ಸೀಮೆಯ ಕೈಯಲ್ಲೇ ಮೂಡಿದ ಮಾತೆಯ ಮುಂದೆ ಮೊಂಬತ್ತಿ ಹಚ್ಚುವುದೆಂದರೆ ನನಗೆ ಬಹಳ ದೊಡ್ಡ ಮಾತು.

ಹೊಸ ಪಾತ್ರೆಯನ್ನು ಗುರುಗಳೇ ಆಶೀರ್ವದಿಸಬಹುದು, ಧರ್ಮಾಧ್ಯಕ್ಷರೇ ಬರಬೇಕೆಂದಿಲ್ಲ. ಭಾನುವಾರದ ಪೂಜೆಯಲ್ಲಿ, ಎಲ್ಲರೆದುರು ಮಾಡಿಸಿ. ಅದಕ್ಕೂ ಮೊದಲೇ ಪಾದದಡಿ ಚರ್ಚಿನ ಹೆಸರು, ಇಸವಿ ಕೆತ್ತಿಸಿ. ಅಳತೆಪಟ್ಟಿ ಪಕ್ಕದಲ್ಲಿಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆದು ಆಸ್ತಿ ಪುಸ್ತಕಕ್ಕೆ ಅಂಟಿಸಿ. ಒಂದು ಪ್ರತಿ ಧರ್ಮಾಧ್ಯಕ್ಷರ ಕಚೇರಿಯಲ್ಲಿರಲಿ. ಪ್ರಸಾದದ ಪೆಟ್ಟಿಗೆ ಕದಲದಂತೆ ಗೋಡೆಗೋ ಕಲ್ಲಿಗೋ ಬಿಗಿದಿರಬೇಕು. ಅದರ ಕೀಲಿಕೈ ಪಕ್ಕದ ಕೋಣೆಯ ಮೇಜಿನ ಡ್ರಾಯರಿನಲ್ಲಿ ಇರಕೂಡದು.

ಮುಂದೆಂದೋ ಹಳೆಯ ಪಾತ್ರೆ ಸಿಕ್ಕಿತೆಂದು ಠಾಣೆಯಿಂದ ಕರೆ ಬಂದರೆ, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕು. ಎಫ್‌ಐಆರ್ ಪ್ರತಿಯ ಜೊತೆಗೆ ಆ ಮದುವೆ ಫೋಟೊವನ್ನೂ ಮರೆಯದೆ ಒಯ್ಯಿರಿ.